ಹದಿನಾಲ್ಕು ಇಂಚಿನ ಮಫ್ಲರು

"ಹನ್ನೆರಡು ದಿನದಲ್ಲಿ ಮಫ್ಲರಾ? ಅಳಿಯಂದಿರೇ, ಅಷ್ಟರಲ್ಲಿ ಹೆಣಿಗೆ ಕಡ್ಡಿ ಹಿಡಿಯೋಕೆ ಬಂದ್ರೆ ಅದೇ ದೊಡ್ಡದು," ಎಂದರು ಅತ್ತೆ, ಕನ್ನಡಕದ ಮೇಲಿಂದ ನೋಡುತ್ತ.

ಮೂವತ್ತು ವರ್ಷದಿಂದ ಬೀದಿಯವರಿಗೆಲ್ಲ ಬಟ್ಟೆ ಹೊಲಿದ ಟೈಲರು ಎರಡು ಕಡ್ಡಿಗೆ ಹೆದರುವುದುಂಟೇ? ಅವನ ಹೆಂಡತಿ ಬಸ್ಸು ಓಡಿಸುತ್ತಾಳೆ. ಒಂದನೇ ತಾರೀಖಿನಿಂದ ಬೆಳಗಿನ ಐದರ ಬಸ್ಸು ಅವಳ ಪಾಲಿಗೆ ಬಂದಿತ್ತು. ಆ ಹೊತ್ತಿನ ಗಾಳಿ ಅವಳ ಗಂಟಲಿಗೆ ಆಗಿಬರುವುದಿಲ್ಲ. ಅಷ್ಟರೊಳಗೆ ಮಫ್ಲರಾಗಬೇಕು, ಅದೂ ತನ್ನ ಕೈಯಿಂದಲೇ ಆಗಬೇಕು ಎಂದು ಇವನ ಹಟ. ಮಧ್ಯಾಹ್ನ ಅವಳು ಡ್ಯೂಟಿಯಲ್ಲಿರುವಾಗ ಅಂಗಡಿಯಲ್ಲೇ ಗುಟ್ಟಿನ ಪಾಠ.

ಅತ್ತೆ ಕಲಿಸುವುದರಲ್ಲಿ ಜಿಪುಣಿಯಲ್ಲ, ಬೈಯುವುದರಲ್ಲೂ ಅಲ್ಲ. ಇವನದೋ ದಾರ ಬಿಗಿದು ಎಳೆದೇ ರೂಢಿಯಾದ ಕೈ. ಕುಣಿಕೆಗಳು ಕಡ್ಡಿಗೆ ಕಚ್ಚಿಕೊಂಡು ಕದಲಲೊಲ್ಲವು. ಸಡಿಲ ಬಿಡಿ ಎಂದು ಹೇಳಿ ಹೇಳಿ ಅತ್ತೆಯ ಬಾಯಿ ನೋಯಿತು. ಸಡಿಲ ಬಿಟ್ಟರೆ ಎಲ್ಲಿಂದಲೋ ಹೊಸ ಕುಣಿಕೆಗಳು ಹುಟ್ಟಿಕೊಂಡವು. ಇಪ್ಪತ್ತು ಕುಣಿಕೆಯಲ್ಲಿ ಶುರುವಾದ ಸಾಲು ಎಂಟನೇ ದಿನಕ್ಕೆ ಮೂವತ್ತೊಂದಾಗಿ, ಮಫ್ಲರು ಬೀಸಣಿಗೆಯ ಹಾಗೆ ಅಗಲವಾಯಿತು.

ಅವತ್ತು ಅತ್ತೆ ಮುಖ ತೊಳೆಯಲು ಒಳಗೆ ಹೋದರು. ಅಂಚು ಓರೆಯಾದದ್ದು ಕಂಡರೆ ಟೈಲರನ ಕೈ ಸುಮ್ಮನಿರುತ್ತದೆಯೇ? ಮೇಜಿನ ಮೇಲೆ ಹರಡಿದ, ಸ್ಕೇಲಿಟ್ಟು ಗೆರೆ ಎಳೆದ, ಕತ್ತರಿ ಆಡಿಸಿಯೇ ಬಿಟ್ಟ. ಅತ್ತೆ ಬಂದು ಎರಡು ಬೆರಳಲ್ಲಿ ಎತ್ತಿದ್ದೇ ತಡ, ಎಂಟು ದಿನದ ಕೆಲಸ ತುಂಡು ದಾರಗಳಾಗಿ ನೆಲಕ್ಕೆ ಸುರಿಯಿತು.

ಅತ್ತೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಳಿಯನ ಮುಖ ನೋಡಿ ನಿಲ್ಲಿಸಿದರು.

"ಹೋಗ್ಲಿ ಬಿಡಿ. ಇನ್ನೂ ನಾಲ್ಕು ದಿನ ಇದೆ. ನಾನೇ ಹೆಣೆದುಕೊಡ್ತೀನಿ, ನೀವು ಮಾಡಿದ್ದು ಅಂತ ಹೇಳಿ."

"ಬೇಡ ಅತ್ತೆ. ಇಪ್ಪತ್ತಾರು ವರ್ಷದಲ್ಲಿ ಅವಳ ಒಂದು ಅಂಗೀನೂ ಹೇಳಿದ ದಿನಕ್ಕೆ ಕೊಟ್ಟಿಲ್ಲ ನಾನು. ಊರಿನವರದ್ದೆಲ್ಲ ಆದ್ಮೇಲೆ ಅವಳದ್ದು. ಇದೊಂದಾದ್ರೂ..."

ಅತ್ತೆ ಹೊಸ ಉಣ್ಣೆಯ ಉಂಡೆ ಮುಂದಕ್ಕೆ ತಳ್ಳಿದರು.

ಆಮೇಲೆ ಟೈಲರು ಪ್ರತಿ ಸಾಲಿನ ಕೊನೆಗೂ ಬಾಯಿಬಿಟ್ಟು ಎಣಿಸಿದ. ಪ್ಯಾಂಟು ಯಾವಾಗ ಕೊಡ್ತೀರಿ ಎಂದು ಕೇಳಲು ಬಂದವರೊಬ್ಬರು ಹದಿನೆಂಟು, ಹತ್ತೊಂಬತ್ತು ಎಂಬ ಉತ್ತರ ಕೇಳಿ, ಅದನ್ನೇ ತಾರೀಖೆಂದುಕೊಂಡು ಹೊರಟುಹೋದರು. ನಾಲ್ಕನೇ ದಿನ ಸಂಜೆ ಟೇಪು ಹಿಡಿದರೆ ಹದಿನಾಲ್ಕು ಇಂಚು. ಮಫ್ಲರಿಗೆ ನಾಲ್ಕು ಅಡಿಯಾದರೂ ಬೇಡವೇ? ಟೈಲರು ಮತ್ತೊಮ್ಮೆ ಅಳೆದ, ಅಷ್ಟೇ. ಹೆಂಡತಿಯ ಕತ್ತಿನ ಅಳತೆಗೆ ಪುಸ್ತಕ ತೆಗೆಯಬೇಕಿರಲಿಲ್ಲ: ಹದಿಮೂರು. ಕೊನೆಯ ಸಾಲು ಮುಗಿಸಿ, ತುದಿಗಳಿಗೆ ಎರಡು ಹುಕ್ಕು ಹೊಲಿದ.

ಬೆಳಿಗ್ಗೆ ಅವಳು ಅದನ್ನು ಹಾಕಿಕೊಂಡು ಕನ್ನಡಿಯಲ್ಲಿ ಕತ್ತು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿದಳು.

"ಉದ್ದ ಆಗ್ಲಿಲ್ಲ," ಎಂದ ಟೈಲರು.

"ಉದ್ದ ಇದ್ದಿದ್ರೆ ಸ್ಟೀರಿಂಗಿಗೆ ಸುತ್ಕೊಳ್ತಿತ್ತು. ಅಲ್ಲ ರೀ, ಬೇಕಾದ ದಿನಕ್ಕೆ ಸರಿಯಾಗಿ ಕೊಟ್ಟಿದ್ದೀರಲ್ಲ, ಮೈ ಹುಷಾರಾಗಿದೆ ತಾನೇ?"

ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ಜೇಬಿನಿಂದ ಒಂದು ಟಿಕೆಟ್ಟು ತೆಗೆದು ಅಂಗಡಿಯ ಮೇಜಿನ ಮೇಲಿಟ್ಟು ಒಳಗೆ ಹೋದಳು. ಹಿಂದುಗಡೆ ಬರೆದಿತ್ತು: ಕಂಡಕ್ಟರು, ಕತ್ತು ಹದಿನೈದೂವರೆ ಇಂಚು, ನಾಡಿದ್ದಿಗೆ ಬೇಕು.