ರಾಜನ ಪಾರ್ಟು ಹಿಡಿದ ಅಧ್ಯಕ್ಷರು

ಸ್ಟೇಜಿಗೆ ನಾಲ್ಕು ಸಾವಿರ, ಮೈಕಿಗೆ ಎರಡು, ರಾಮದುರ್ಗದಿಂದ ಬಾಡಿಗೆಗೆ ತರಿಸಿದ ಡ್ರೆಸ್ಸಿಗೆ ಮೂರು, ಹೋಳಿಗೆಯ ಬೇಳೆ, ಬೆಲ್ಲಕ್ಕೆ ಒಂದು. ಈ ಹತ್ತರಲ್ಲಿ ಐದನ್ನು ಪಂಚಾಯಿತಿ ಅಧ್ಯಕ್ಷ ಶಂಕರೆಪ್ಪ ಒಬ್ಬರೇ ಕೊಟ್ಟರು. ಮನೋಳಿ ಹತ್ತಿರದ ಆ ಊರಿನಲ್ಲಿ ನಾಟಕಕ್ಕೆ ಹೆಚ್ಚು ದುಡ್ಡು ಹಾಕಿದವರಿಗೇ ರಾಜನ ಪಾರ್ಟು. ಚರ್ಚಿನ ಸುಗ್ಗಿ ಹಬ್ಬಕ್ಕೆ ಆಡುವ ಬೈಬಲಿನ ನಾಟಕವಾದರೂ ಆ ರೂಢಿ ತಪ್ಪಲಿಲ್ಲ.

ಸುದ್ದಿ ಕೇಳಿ, ಹಿಟ್ಟು ನಾದುತ್ತಿದ್ದ ಸಾವಂತ್ರೆವ್ವನ ಕೈ ನಿಂತಿತು. ಚರ್ಚಿನ ಹಿಂದೆ ಅವಳದೊಂದು ಹಿತ್ತಲಿತ್ತು. ಅಲ್ಲಿಯ ಬದನೆ, ಮೆಂತ್ಯೆ, ಮೆಣಸಿನಕಾಯಿಯಿಂದಲೇ ಅವಳ ಮನೆ ನಡೆಯುತ್ತಿತ್ತು. ತಮ್ಮ ಅಂಗಡಿಗೆ ಬರುವ ಗಾಡಿ ನಿಲ್ಲಿಸಲು ಶಂಕರೆಪ್ಪ ಹೋದ ತಿಂಗಳು ಅದರ ನಡುವೆಯೇ ಕಲ್ಲು ನೆಡಿಸಿ, ಅರ್ಧ ಜಾಗ ಹಿಡಿದಿದ್ದರು. ಕೇಳಲು ಹೋದರೆ ಪಂಚಾಯಿತಿ ಜಾಗ ಅಂದಿದ್ದರು.

"ಆ ರಾಜಾ ಬಡವನ ದ್ರಾಕ್ಷಿ ತೋಟ ಕಸಗೊಂಡಾಂವಲ್ಲರಿ?" ಎಂದು ಗಂಡ ದುರ್ಗಪ್ಪನನ್ನು ಕೇಳಿದಳು. "ಸಾವಕಾರ್ರಿಗೆ ಪೂರಾ ಕಥಿ ಗೊತ್ತೈತೇನು?"

ದುರ್ಗಪ್ಪನದು ಪ್ರವಾದಿಯ ಪಾರ್ಟು. "ಎಲ್ಲಿಂದ ಗೊತ್ತಾಗಬೇಕ? ಗುರುನಾಥ ಮಾಸ್ತರ ಒಬ್ಬೊಬ್ಬರಿಗೆ ಅವರವರ ಮಾತಷ್ಟ ಬರದ ಕೊಟ್ಟಾರ. ಇವರು ತಾಲೀಮಿಗೆ ಬಂದಿಲ್ಲ. ಕಿರೀಟದ ಅಳತಿ ನೋಡಾಕ ಬಂದ ಹೋದ್ರು."

"ಹಂಗಾರ ನೀವೂ ಹೇಳಾಕ ಹೋಗಬ್ಯಾಡ್ರಿ."

ಭಾನುವಾರ ಸಂಜೆ ನಾಟಕ. ತೋಟ ಕೇಳುವ ರಾಜನಲ್ಲಿ ಶಂಕರೆಪ್ಪನವರಿಗೆ ತಪ್ಪೇನೂ ಕಂಡಿರಲಿಲ್ಲ. ತೋಟ ಸಿಗದೆ ಮುನಿಸಿಕೊಂಡು ಊಟ ಬಿಡುವ ದೃಶ್ಯವನ್ನಂತೂ ಬಹಳ ಚೆನ್ನಾಗಿ ಮಾಡಿದರು. ಅದು ಅವರಿಗೆ ಮನೆಯಲ್ಲೇ ರೂಢಿಯಾಗಿತ್ತು. ಸಿಟ್ಟಿನಲ್ಲಿ ತಾಟು ಒದ್ದರು. ಸಾವಂತ್ರೆವ್ವ ಮಾಡಿಕೊಟ್ಟಿದ್ದ ಹೋಳಿಗೆ ಹಾರಿತು, ತುಪ್ಪ ಅವರ ಕಾಲ ಮೇಲೆಯೇ ಚೆಲ್ಲಿತು. ಜನ ಸಿಳ್ಳೆ ಹೊಡೆದರು.

ಮುಂದೆ ತೋಟದವನ ಕೊಲೆಯಾಯಿತು. ರಾಜ ಮೀಸೆ ತಿರುವುತ್ತ ತೋಟಕ್ಕೆ ಬಂದ. ಕಂಬಳಿ ಹೊದ್ದ ದುರ್ಗಪ್ಪ ಎದುರು ನಿಂತ.

"ನಿನ್ನ ಕುರ್ಚಿ ಮ್ಯಾಲ ಇನ್ನೊಂದ ಕುರ್ಚಿ ಐತಿ, ರಾಜಾ. ಅಲ್ಲಿ ಕುಂತಾಂವನ ಮುಂದ ನಿನ್ನ ವಶೀಲಿ ನಡಿಯೂದಿಲ್ಲ. ಬಡವನ ರಗತ ನೆಕ್ಕಿದ ನಾಯಿ ನಿನ್ನ ರಗತಾನೂ ನೆಕ್ಕತಾವ."

ಶಂಕರೆಪ್ಪ ಬೆಪ್ಪಾದರು. ಅವರ ಹಾಳೆಯಲ್ಲಿ ಇಲ್ಲಿ 'ಅಂಗಿ ಹರಿದುಕೊಂಡು ಅಳುವುದು' ಎಂದಷ್ಟೇ ಇತ್ತು. ರಾಣಿ ಸತ್ತದ್ದಕ್ಕೆ ಅಳುವುದಿರಬೇಕೆಂದು ಅವರು ತಿಳಿದಿದ್ದರು. ಅಷ್ಟರಲ್ಲಿ ಓಣಿಯ ಕಂದು ನಾಯಿ ಸ್ಟೇಜು ಹತ್ತಿತು. ಹೋಳಿಗೆ ಮುಗಿಸಿ, ರಾಜನ ಪಾದ ನೆಕ್ಕತೊಡಗಿತು.

ಜನ ಬಿದ್ದು ಬಿದ್ದು ನಕ್ಕರು. ಶಂಕರೆಪ್ಪ ನಗಲಿಲ್ಲ. ಉಗರಗೋಳ ದಾಟುವಾಗ ದೇವಿಯ ಗುಡ್ಡದ ಕಡೆ ಕೈ ಮುಗಿಯದೆ ಹೋದವರಲ್ಲ ಅವರು. ದೇವರು ಯಾರದ್ದಾದರೂ ಸಿಟ್ಟು ಸಿಟ್ಟೇ ಎಂದು ನಂಬಿದವರು. ಕಾಲು ಎತ್ತಲು ಧೈರ್ಯವಾಗದೆ, ಪಕ್ಕದ ಪರದೆಯ ಬಳಿ ಸೌಟು ಹಿಡಿದು ನಿಂತಿದ್ದ ಸಾವಂತ್ರೆವ್ವನನ್ನು ನೋಡಿದರು. ಆ ನಾಯಿಗೆ ದಿನಾ ರೊಟ್ಟಿ ಹಾಕುವವಳು ಅವಳೇ.

"ನಾಯಿ ಕರಕೋ ಯವ್ವಾ."

"ಕರೀತೇನ್ರಿ ಸಾವಕಾರ್ರ. ಹಿತ್ತಲದಾಗಿನ ಕಲ್ಲ ಯಾವಾಗ ಕೀಳಸತೀರಿ?"

"ಇದು ನಾಟಕ ಐತಿ."

"ಅದು ನಾಯಿಗೇನ ಗೊತ್ತರಿ?"

ನಾಯಿ ಎರಡನೇ ಕಾಲಿಗೆ ಬಂತು.

"ನಾಳೆ ಕೀಳಸತೇನಿ," ಎಂದರು ಶಂಕರೆಪ್ಪ. ಮೈಕು ಅದನ್ನು ಊರಿಗೆಲ್ಲ ಮುಟ್ಟಿಸಿತು.

"ಅಂಗಿ ಹರೀರಿ," ಎಂದು ಪರದೆಯ ಹಿಂದಿನಿಂದ ಗುರುನಾಥ ಮಾಸ್ತರರು ಪಿಸುಗುಟ್ಟಿದರು. "ಬಾಡಿಗಿದ ಐತಿ, ಹೊಲಿಗಿ ಬಿಚ್ಚಿದ ಕಡೆ ಹರೀರಿ."

ಊರು ಮರೆತೀತೇನೋ ಎಂದು ಮರುದಿನ ಮಧ್ಯಾಹ್ನದವರೆಗೆ ಶಂಕರೆಪ್ಪ ಕಾದು ನೋಡಿದರು. ಅಂಗಡಿಗೆ ಬಂದವರೆಲ್ಲ ಸಕ್ಕರೆ ಕೇಳುವ ಮೊದಲು "ಕಲ್ಲ ಕಿತ್ತಿರೇನ್ರಿ?" ಎಂದೇ ಕೇಳಿದರು. ಸಂಜೆಗೆ ಆಳು ಕಳಿಸಿದರು.

ಹಿತ್ತಲು ಪೂರ್ತಿ ಸಾವಂತ್ರೆವ್ವನ ಕೈಗೆ ಬಂತು. ಗಾಡಿಗಳ ಗಾಲಿಗೆ ಸಿಕ್ಕ ಮೆಣಸಿನ ಗಿಡಗಳು ಮಾತ್ರ ಬರಲಿಲ್ಲ. ಆ ವರ್ಷದ ಖಾರವನ್ನು ಅವಳು ಸಂತೆಯಲ್ಲಿ ಕೊಂಡಳು.