ಅನಂತಸ್ವಾಮಿ ಮೇಷ್ಟ್ರ ಶತಾವರಿ ಕಷಾಯ

ಸಕ್ಕರೆ ಕಾಯಿಲೆ ಇಲ್ಲದ ಮನೆಯನ್ನು ಹಳೇಬೀಡಿನಲ್ಲಿ ಈಗ ಹುಡುಕಬೇಕು. ಗೋದಮ್ಮನಿಗೂ ಹನ್ನೊಂದು ವರ್ಷದಿಂದ ಇತ್ತು. ಡಾಕ್ಟರು ಕೊಟ್ಟ ಮಾತ್ರೆ ನುಂಗಿಕೊಂಡು ಆರಾಮಾಗಿ ಓಡಾಡಿಕೊಂಡಿದ್ದರು. ಅವರ ಆರೋಗ್ಯ ಕೆಡಿಸಿದ್ದು ಗಂಡನ ಕಾಳಜಿ.

ಗಂಡ ಅನಂತಸ್ವಾಮಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಶತಾವರಿ ಬೇರಿನಲ್ಲಿ ಪಾಲಿಸ್ಯಾಕರೈಡ್ ಎಂಬ ಅಂಟಿನಂಥ ಅಂಶವಿದೆ, ಅದು ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶ ಸವೆಯುವುದನ್ನು ತಡೆಯುವ ಗುಣದ್ದು ಎಂದು ಪತ್ರಿಕೆಯಲ್ಲಿ ಓದಿ, ಹಾಗಾದರೆ ಸಕ್ಕರೆ ಕಾಯಿಲೆಗೂ ಇದೇ ಮದ್ದು ಎಂದುಕೊಂಡರು. ಹಿತ್ತಲ ಬೇಲಿಯಲ್ಲೇ ಶತಾವರಿ ಇತ್ತು. ಅಗೆದರು, ತೊಳೆದರು, ಕುದಿಸಿದರು. ಮೇಷ್ಟ್ರಲ್ಲವೇ, ಪ್ರಯೋಗ ಮಾಡದೆ ಬಿಟ್ಟಾರೆಯೇ? ಬಾವಿಗೆ ಹಾಕುವ ಪರ್ಮಾಂಗನೇಟಿನ ಒಂದು ಹರಳನ್ನು ಲೋಟದ ನೀರಿಗೆ ಹಾಕಿ, ಆ ನೇರಳೆ ನೀರಿಗೆ ಕಷಾಯ ಸುರಿದರು. ಬಣ್ಣ ಹೊರಟೇ ಹೋಯಿತು.

"ನೋಡೇ ಗೋದಾ, ಕಣ್ಣೆದುರೇ! ನಿನ್ನ ಮೈಯಲ್ಲಿರೋ ವಿಷಾನೂ ಹೀಗೇ ಹೋಗುತ್ತೆ. ಆ ಮಾತ್ರೆ ಇನ್ನು ಸಾಕು."

"ನಿಮಗೆ ತಿಳಿದ ಹಾಗೆ ಮಾಡಿ," ಅಂದರು ಗೋದಮ್ಮ.

ಬಸ್ತಿಹಳ್ಳಿಯ ಆಶಾ ಕಾರ್ಯಕರ್ತೆ ಮಂಜುಳಾ ಮೇಷ್ಟ್ರ ಹಳೆಯ ಶಿಷ್ಯೆ. ಮಾತ್ರೆ ನಿಂತಿದ್ದು ಕೇಳಿ ಓಡಿಬಂದಳು.

"ಮೇಷ್ಟ್ರೇ, ಆ ಲೋಟಕ್ಕೆ ನಿಂಬೆಹಣ್ಣು ಹಿಂಡಿದ್ರೂ ಬಣ್ಣ ಹೋಯ್ತದೆ. ಹಂಗಂತ ನಿಂಬೆಹಣ್ಣು ಸಕ್ಕರೆ ಕಾಯಿಲೆ ವಾಸಿ ಮಾಡ್ತದಾ? ಬೇರಲ್ಲಿ ಗುಣ ಐತೆ, ಇಲ್ಲ ಅಂತಿಲ್ಲ. ಆದ್ರೆ ಅದನ್ನ ನೋಡಿರೋದು ಲ್ಯಾಬಿನ ಗಾಜಿನ ನಳಿಗೇಲಿ. ಅಮ್ಮೋರ ಮೈಯಲ್ಲಿ ಏನಾಯ್ತೈತೋ ಯಾರಿಗ್ಗೊತ್ತು? ಆರೋಗ್ಯ ಕೇಂದ್ರಕ್ಕೆ ಕರ್ಕೊಂಡ್ಹೋಗ್ತೀನಿ, ಬೆರಳು ಚುಚ್ಚಿ ನೋಡ್ಲಿ."

"ನನಗೇ ವಿಜ್ಞಾನ ಹೇಳಿಕೊಡ್ತೀಯೇನಮ್ಮ?"

ಗುರುಗಳಿಗೆ ಎದುರಾಡುವುದು ಹೇಗೆಂದು ಮಂಜುಳಾ ಚೀಲ ಹೆಗಲಿಗೇರಿಸಿದಳು. ಮುಖ ಸಣ್ಣದು ಮಾಡಿಕೊಂಡು ಹೊರಟುಹೋದಳು.

ಮೂರನೇ ತಿಂಗಳು ಚಪ್ಪಲಿ ಉಜ್ಜಿ ಗೋದಮ್ಮನ ಕಾಲಿನ ಹೆಬ್ಬೆರಳಲ್ಲಿ ಗುಳ್ಳೆ ಎದ್ದಿತು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿ ನೋವಿಲ್ಲದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೆರಳು ಕಪ್ಪಾಯಿತು, ವಾಸನೆ ಬಂತು. ದಿನಕ್ಕೆ ಒಂದು ಲೋಟವಿದ್ದ ಕಷಾಯವನ್ನು ಮೇಷ್ಟ್ರು ಎರಡು ಮಾಡಿದರು. ಕೊನೆಗೆ ಜ್ವರ ಏರಿ ಹಾಸನಕ್ಕೆ ಸಾಗಿಸಿದಾಗ, ಕಾಲನ್ನು ಮೊಣಕಾಲ ಕೆಳಗೆ ಕತ್ತರಿಸದೆ ಬೇರೆ ದಾರಿ ಇರಲಿಲ್ಲ.

ಆಪರೇಷನ್ ಆದ ಮೂರನೇ ದಿನ ಮೇಷ್ಟ್ರು ಮಂಚದ ಪಕ್ಕ ಕೂತು ಕೇಳಿದರು. "ಆ ಬೇರನ್ನ ಯಾಕೆ ನಂಬಿದೆ ಗೋದಾ? ಒಂದ್ಸಲ ಬೇಡ ಅನ್ನಬಾರದಿತ್ತಾ?"

"ಬೇರನ್ನ ನಾನೆಲ್ಲಿ ನಂಬಿದೆ? ನಿಮ್ಮನ್ನ ನಂಬಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಮೇಷ್ಟ್ರು ಗೋಡೆಗೆ ಮುಖ ಮಾಡಿ ಬಿಕ್ಕಿಬಿಕ್ಕಿ ಅತ್ತರು. ತಾನು ಕಲಿಸಿದ್ದೆಲ್ಲ ಸುಳ್ಳಾದಂತೆ, ಬದುಕಿದ್ದೇ ದಂಡವಾದಂತೆ ಅನ್ನಿಸಿತು. ಆಗ ನೆನಪಾಯಿತು, ಸಕ್ಕರೆ ಕಾಯಿಲೆಯಿದ್ದ ಮಾದಿಹಳ್ಳಿಯ ಜವರಣ್ಣನಿಗೂ ಮಾತ್ರೆ ಬಿಡಿಸಿ ಇದೇ ಕಷಾಯ ಕೊಟ್ಟಿದ್ದು. ಮಂಜುಳಾಗೆ ಫೋನ್ ಮಾಡಿ ಸಿಕ್ಕಿದ ಬಸ್ಸು ಹತ್ತಿದರು, ದಾರಿಯಲ್ಲಿ ಅವಳನ್ನೂ ಕರೆದುಕೊಂಡು ಮಾದಿಹಳ್ಳಿಗೆ ಹೋದರು.

ಜವರಣ್ಣ ಹಾಲು ಕರೆಯುತ್ತಿದ್ದ. "ಬನ್ನಿ ಮೇಷ್ಟ್ರೇ, ಇನ್ನೊಂದು ಬಾಟ್ಲಿ ತಂದ್ರಾ?"

"ಇರೋದನ್ನೂ ಚೆಲ್ಲಿಬಿಡಪ್ಪಾ. ಮಾತ್ರೆ ತಗೋ. ನಾನು ಹೇಳಿದ್ದು ತಪ್ಪು."

"ನೀವೇ ತಪ್ಪು ಅಂದ್ರೆ ನಮ್ಮಂಥೋರು ಯಾರ ಮಾತು ಕೇಳನಾ?"

"ಇವಳ ಮಾತು ಕೇಳು." ಮೇಷ್ಟ್ರು ಮಂಜುಳಾಳ ಕಡೆ ಕೈ ತೋರಿಸಿದರು. "ನಾನು ಕೇಳದೆ ಗೋದಾಳ ಕಾಲು ಕಳೆದೆ."

ಜವರಣ್ಣ ಹಾಲಿನ ಚೊಂಬನ್ನು ಅಲ್ಲೇ ಇಟ್ಟು ಎದ್ದ. ಅವತ್ತೇ ಅವನ ರಕ್ತಪರೀಕ್ಷೆ ಆಯಿತು, ಮಾತ್ರೆ ಮತ್ತೆ ಶುರುವಾಯಿತು. ಅವನು ಉಳಿದುಕೊಂಡ. ಆದರೆ ಮೇಷ್ಟ್ರಿಗೆ ಅದರಿಂದ ಸಮಾಧಾನವಾಗಿಲ್ಲ, ಆಗುವುದೂ ಇಲ್ಲ.

ಅಕ್ಕಾ, ಅಣ್ಣಾ, ಕಷಾಯ ಕುಡಿಯುವ ಆಸೆಯಿದ್ದರೆ ಮೊದಲು ಡಾಕ್ಟರಿಗೆ ಹೇಳಿ. ಅವರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯವರ ಪಾದವನ್ನು ದಿನಾ ನೋಡಿ. ನೋವಿಲ್ಲದಿದ್ದರೂ ಗಾಯ ಕಂಡರೆ ತಡ ಮಾಡಬೇಡಿ. ಗೋದಮ್ಮನಿಗೆ ನೋಡಿಕೊಳ್ಳಲು ಈಗ ಒಂದೇ ಪಾದ ಉಳಿದಿದೆ. ನಿಮ್ಮ ಮನೆಯವರಿಗೆ ಎರಡೂ ಇದ್ದರೆ, ಇವತ್ತೇ ನೋಡಿ.