ಸೇತುವೆ ಕೇಳಿದವರಿಗೆ ನನ್ನನ್ನು ಕೊಟ್ಟರು

ನಾನು ಒಂದು ತಟ್ಟೆ. ಅನ್ನ ಉಣ್ಣುವ ತಟ್ಟೆಯಲ್ಲ. ಆಕಾಶಕ್ಕೆ ಮುಖ ಮಾಡಿ ಮಲಗುವ, ಚೌಕಾಕಾರದ ಬಿಳಿ ತಟ್ಟೆ. ಮೇಲೆ ಹಾದುಹೋಗುವ ಉಪಗ್ರಹಗಳ ಜೊತೆ ಮಾತಾಡಿ ಕೆಳಗಿನವರ ಫೋನುಗಳಿಗೆ ಇಂಟರ್‌ನೆಟ್ ಇಳಿಸಿಕೊಡುವುದು ನನ್ನ ಕಸುಬು.

ಹುಟ್ಟಿದ್ದು ಸಮುದ್ರದ ಹತ್ತಿರದ ಒಂದು ಕಾರ್ಖಾನೆಯಲ್ಲಿ. ಟೋಪಿ, ಕೈಗವಸು ತೊಟ್ಟ ಹೆಣ್ಣುಮಕ್ಕಳು ಸಾಲಾಗಿ ನಿಂತು ನನ್ನ ಹೊಟ್ಟೆಯೊಳಗೆ ತಂತಿ ಕೂರಿಸಿದರು. ನಾನು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅವರ ಊದಿದ ಪಾದಗಳು. ಕುರ್ಚಿಗಳಿದ್ದವು, ಗಾಜಿನ ಗೋಡೆಯ ಆಚೆ, ಸಾಹೇಬರ ಕೋಣೆಯಲ್ಲಿ.

ಅಲ್ಲಿಯೇ ನನ್ನೊಳಗೆ ಒಂದು ಬೀಗವನ್ನೂ ಇಟ್ಟರು. ಕಬ್ಬಿಣದ ಬೀಗವಲ್ಲ, ಕಣ್ಣಿಗೆ ಕಾಣದ್ದು. ನನಗೊಂದು ಜಾಗ ಬರೆದುಕೊಡುತ್ತಾರೆ. ಆ ಜಾಗದಿಂದ ಒಂದು ಕೂಗಳತೆ ಆಚೆ ಒಯ್ದರೆ ನಾನು ಮೂಕ. ಉಪಗ್ರಹ ನೆತ್ತಿಯ ಮೇಲೇ ಇದ್ದರೂ ಅದು ನನ್ನ ಮಾತನ್ನು ಮುಂದೆ ದಾಟಿಸುವಂತಿಲ್ಲ. ಎಲ್ಲ ತಟ್ಟೆಗಳಿಗೂ ಈ ಬೀಗ ಇರಲಿಲ್ಲ. ಹಣವಂತರ ಹಡಗಿಗೆ, ತೋಟದ ಮನೆಗೆ ಹೋಗುವ ತಟ್ಟೆಗಳು ಎಲ್ಲಿ ಬೇಕಾದರೂ ಮಾತಾಡಬಹುದಿತ್ತು. ಪುಕ್ಕಟೆ ಯೋಜನೆಯಲ್ಲಿ ಬಡವರ ಊರಿಗೆ ಹೋಗುವ ನಮಗೆ ಮಾತ್ರ ಬೀಗ. ಬಡವರು ಮಾರಿಕೊಂಡುಬಿಟ್ಟಾರು ಅಂತ.

ಲೋಕಕ್ಕೆ ನನ್ನ ಮುಖ ತೋರಿಸಿದ್ದು ಜಿಲ್ಲಾಕೇಂದ್ರದ ಸಭಾಂಗಣದಲ್ಲಿ. ಮೇಜಿನ ಮೇಲೆ ಜರಿ ಬಟ್ಟೆ, ಅದರ ಮೇಲೆ ನಾನು. ಎದುರಿನ ದೊಡ್ಡ ಪರದೆಯಲ್ಲಿ ಕಂಪನಿಯ ರಾಕೆಟ್ಟು ಹೊಗೆ ಬಿಡುತ್ತ ನಿಂತಿತ್ತು. ಅದರ ಹೊಟ್ಟೆಯಲ್ಲಿ ನಮ್ಮ ಉಪಗ್ರಹಗಳಿದ್ದವು. ಬೆಂಕಿ ಕಾರಿ ಅದು ಮೇಲೇಳುವಾಗ, ಸುಳ್ಳೇಕೆ ಹೇಳಲಿ, ನನಗೂ ಮೈ ಜುಮ್ಮೆಂದಿತು. ಮನುಷ್ಯರು ಇಂಥದ್ದನ್ನೂ ಮಾಡಬಲ್ಲರಲ್ಲ ಅನ್ನಿಸಿತು. ಆಮೇಲೆ ಏರಿಯಾ ಮ್ಯಾನೇಜರು ಮೈಕು ಹಿಡಿದು, ಇನ್ನು ಈ ನಾಡಿನಲ್ಲಿ ಯಾರೂ ದೂರದವರಲ್ಲ ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸನ್ನು ವೇದಿಕೆಗೆ ಕರೆದು ನನ್ನ ಮೇಲೆ ಕೈ ಇಡಿಸಿ ಫೋಟೋ ತೆಗೆದರು.

ಆಕೆ ದುರುಗಮ್ಮ. ಕೃಷ್ಣೆಯ ನಡುವೆ ಇರುವ ಹಂಚಿನಗಡ್ಡಿ ಎಂಬ ನಡುಗಡ್ಡೆಯವಳು. ಅಲ್ಲಿಗೆ ಹೋಗಲು ಹರಗೋಲು ಒಂದೇ ದಾರಿ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನ ಗೇಟು ತೆಗೆದರೆ ಆ ದಾರಿಯೂ ಕಷ್ಟ. ದುರುಗಮ್ಮನ ಗಂಡ ಅಮರಪ್ಪನೇ ಹರಗೋಲು ಹಾಕುವವನು. ತುಂಬಿದ ಹೊಳೆಯಲ್ಲಿ ಹುಟ್ಟು ಹಾಕುವ ಎದೆಗಾರಿಕೆ ಆ ಗಡ್ಡಿಯಲ್ಲಿ ಅವನೊಬ್ಬನಿಗೇ ಇತ್ತು. ಅವರ ಅಜ್ಜಂದಿರ ಕಾಲದಿಂದಲೂ ಆ ಜನ ಕೇಳುತ್ತ ಬಂದದ್ದು ಒಂದೇ, ಒಂದು ಸೇತುವೆ. ಅದಕ್ಕಾಗಿ ತಾಲ್ಲೂಕು ಕಚೇರಿಯ ಮುಂದೆ ಕೂತಿದ್ದಾರೆ, ಮತದಾನ ಬಿಟ್ಟಿದ್ದಾರೆ, ಮಂತ್ರಿಗಳ ಕಾರಿಗೆ ಅಡ್ಡ ನಿಂತು ಬೈಸಿಕೊಂಡಿದ್ದಾರೆ. ಸೇತುವೆ ಬರಲಿಲ್ಲ. ನಾನು ಬಂದೆ.

ನನ್ನನ್ನು ಹರಗೋಲಿನಲ್ಲಿ ಕರೆತಂದವನು ಕಂಪನಿಯ ಟೆಕ್ನಿಷಿಯನ್ ಖಾಜಾ, ರಾಯಚೂರಿನ ಹುಡುಗ. ಊರ ತಗ್ಗಿನಲ್ಲಿದ್ದ ಶಾಲೆಯ ಮಾಳಿಗೆಯ ಮೇಲೆ ನನ್ನನ್ನು ಕೂರಿಸಿ, ಪಕ್ಕದಲ್ಲಿ ಸೋಲಾರ್ ಹಲಗೆ, ಬ್ಯಾಟರಿ ಇಟ್ಟ. ಊರೆಲ್ಲ ನೆರೆಯಿತು. ಆಡು ಕಾಯುವ ಹುಲಗಪ್ಪ ನನ್ನನ್ನು ಸುತ್ತಿ ಸುತ್ತಿ ನೋಡಿದ.

"ಅಲ್ಲೋ ತಮ್ಮಾ, ಇದರ ಮ್ಯಾಲೆ ಕಾಲಿಟ್ಟು ಹೊಳಿ ದಾಟಾಕ ಬರ್ತೈತೇನು?"

ಎಲ್ಲರೂ ನಕ್ಕರು. ಖಾಜಾನೂ ನಕ್ಕ. "ಇಲ್ರಿ ಕಾಕಾ. ಇದರಾಗ ಮಾತು ದಾಟ್ತದ, ಮನಷ್ಯಾ ದಾಟಂಗಿಲ್ಲ."

"ಮಾತು ಭಾಳ ದಾಟ್ಯಾವ ಬಿಡು ನಮ್ಮವು. ಬೆಂಗಳೂರಿನ ತನಕ ಹೋಗ್ಯಾವ. ಹೊಳ್ಳಿ ಬಂದಿಲ್ಲ ಅಷ್ಟ."

ಖಾಜಾ ಹೊರಡುವಾಗ ದುರುಗಮ್ಮನಿಗೆ ಹೇಳಿದ. "ಅವ್ವಾ, ಇದನ್ನ ಈ ಸಾಲಿ ಬಿಟ್ಟು ಬ್ಯಾರೆ ಕಡಿ ಒಯ್ಯಬ್ಯಾಡ್ರಿ. ಅಲ್ಲಿ ನಡ್ಯಂಗಿಲ್ಲ. ಇದಕ್ಕ ಇದ ಜಾಗಾ ಬರದದ."

"ಹೊಳಿ ಬಂದ್ರ? ಮೊದಲು ಮುಳುಗೂದ ಈ ಸಾಲಿ."

ಖಾಜಾ ತಲೆ ಕೆರೆದುಕೊಂಡ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಮ್ಯಾಲಿನವರಿಗೆ ಕೇಳಿ ಹೇಳ್ತೀನಿ ಅವ್ವಾ." ಕೇಳಿದ, ಪಾಪ. ಮಾಳಿಗೆಯ ಮೇಲೆ ನಿಂತೇ, ನನ್ನ ಮೂಲಕವೇ ಕೇಳಿದ. ಆ ಪ್ರಶ್ನೆಯನ್ನು ಆಕಾಶಕ್ಕೆ ಹೊತ್ತು ಕಳಿಸಿದವನು ನಾನೇ. ಉತ್ತರ ಬರಲಿಲ್ಲ.

ಆ ಬೇಸಿಗೆ ಚೆನ್ನಾಗಿತ್ತು. ನನ್ನ ಮೈ ಸದಾ ಬೆಚ್ಚಗಿರುತ್ತದೆ, ಒಳಗೆ ಕೆಲಸ ನಡೆಯುತ್ತಿರುತ್ತದಲ್ಲ. ಎಳೆ ಆಡಿನ ಮರಿಗಳು ಬೆಳಗಿನ ಜಾವ ಮೆಟ್ಟಿಲು ಹತ್ತಿ ಬಂದು ನನಗೆ ಆತು ಮಲಗುತ್ತಿದ್ದವು. ಟವರಿನ ಸಿಗ್ನಲ್ಲು ಹೊಳೆ ದಾಟದ ಆ ಊರಿನಲ್ಲಿ, ಹೆಂಗಸರು ಶಾಲೆಯ ಕಟ್ಟೆಯ ಮೇಲೆ ಕೂತು ದೂರದ ತವರಿನ ಮುಖ ನೋಡಿದರು. ಅಮರಪ್ಪ ದಿನಾ ಸಂಜೆ ಬಂದು, ಅಣೆಕಟ್ಟಿನಿಂದ ನೀರು ಬಿಟ್ಟರೋ ಇಲ್ಲವೋ ನೋಡಿ ಹೋಗುತ್ತಿದ್ದ. ನಾನು ಇವರಿಗೆ ಬೇಕಾದವನು ಅಂದುಕೊಂಡೆ. ಬೀಗದ ನೆನಪೇ ಹೋಗಿತ್ತು.

ಆ ವರ್ಷ ಹೊಳೆ ಬಂತು.

ಹೊಳೆ ಬಂದಾಗ ಹಂಚಿನಗಡ್ಡಿಯವರಿಗೆ ಒಂದು ಪದ್ಧತಿಯಿದೆ. ಊರಿನ ಮೇಲ್ತುದಿಗೆ ದೊಡ್ಡ ಬಂಡೆಗುಡ್ಡವಿದೆ. ಜೀವ ಇದ್ದದ್ದನ್ನು ಮೊದಲು ಅಲ್ಲಿಗೆ ಸಾಗಿಸುತ್ತಾರೆ, ಬೀಜದ ಕಾಳು, ಸಾಮಾನು ಆಮೇಲೆ. ಆ ದಿನಗಳಲ್ಲಿ ಗುಡ್ಡ ಯಾರ ಸ್ವತ್ತೂ ಅಲ್ಲ. ಬದುವಿಗಾಗಿ ಹೊಡೆದಾಡಿಕೊಂಡವರು ಒಂದೇ ತಾಡಪತ್ರಿಯ ಕೆಳಗೆ ಕೂರುತ್ತಾರೆ. ಊರಿನಲ್ಲಿ ನೀರು ಮುಟ್ಟಿಸಿಕೊಳ್ಳದವರು ಅಲ್ಲಿ ಒಂದೇ ಗಡಿಗೆಯಿಂದ ಕುಡಿಯುತ್ತಾರೆ. ಹೊಳೆ ಇಳಿದ ಮೇಲೆ ಮತ್ತೆ ಹಳೆಯ ಗೋಡೆಗಳು ಏಳುತ್ತವೆ, ಅದು ಬೇರೆ ಸಿಟ್ಟಿನ ಮಾತು. ಆದರೆ ಹೊಳೆ ಏರಿದಾಗ ಯಾವ ಕಟ್ಟಳೆಯೂ ನಡೆಯುವುದಿಲ್ಲ ಎಂಬುದು ಅಲ್ಲಿ ಕೂಸಿಗೂ ಗೊತ್ತು.

ನೀರು ಶಾಲೆಯ ಬಾಗಿಲಿಗೆ ಬಂದಾಗ ದುರುಗಮ್ಮ ಮಾಳಿಗೆ ಹತ್ತಿ ನನ್ನ ಮೇಲೆ ಅಂಗೈ ಇಟ್ಟಳು.

"ಬೆಚ್ಚಗೈತಿ. ಜೀವ ಇದ್ದಂಗ ಐತಿ. ಆಡಿನ ಜೋಡಿ ಇದನ್ನೂ ಒಯ್ಯಿರಿ."

"ಒಯ್ಯಬ್ಯಾಡ ಅಂದಿದ್ದನಲ್ಲ ಆ ಹುಡುಗ," ಎಂದ ಹುಲಗಪ್ಪ.

"ಹೊಳಿ ಬಂದಾಗೂ ಬ್ಯಾಡ ಅಂತಾರೇನು? ಅವರೂ ಮನಷ್ಯಾರ ಅದಾರ ತಗಿ."

ಅದೇ ಅವರು ಮಾಡಿದ ತಪ್ಪು. ಕಂಪನಿಗೂ ತಮ್ಮಂಥ ಪದ್ಧತಿ ಇರುತ್ತದೆ ಎಂದು ನಂಬಿದರು.

ಗುಡ್ಡದ ತುದಿಯಲ್ಲಿ ಬ್ಯಾಟರಿಯ ಸಮೇತ ನನ್ನನ್ನು ಕೂರಿಸಿದರು. ಹರಗೋಲನ್ನೂ ಮೇಲೆ ಎಳೆದುಕೊಂಡರು. ಅದು ಜಾರದಂತೆ ಕಲ್ಲು ಕೊಡಲು ಅಮರಪ್ಪ ಬಂಡೆಯ ಸಂದಿಗೆ ಬಲಗೈ ಹಾಕಿದ. ಹೊಳೆ ಬಂದಾಗ ಹಾವುಗಳೂ ಗುಡ್ಡವನ್ನೇ ಹತ್ತುತ್ತವೆ. ಸಂದಿಯಲ್ಲಿದ್ದದ್ದು ಕೊಳಕುಮಂಡಲ.

ಹೊಳೆ ದಾಟಿಸಬಲ್ಲವನು ಒಬ್ಬನೇ, ಕಚ್ಚಿಸಿಕೊಂಡವನೂ ಅವನೇ. ಆಸ್ಪತ್ರೆ ಆಚೆ ದಡದಲ್ಲಿ. ಇನ್ನು ಮೋಟಾರು ದೋಣಿ ಬರಬೇಕು. ದೋಣಿ ಬರಬೇಕಾದರೆ ಯಾರಾದರೂ ಕರೆಯಬೇಕು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಕೂಗಿದೆ. ಮೋಡದ ಆಚೆ ನಮ್ಮ ಉಪಗ್ರಹಗಳು ಒಂದರ ಹಿಂದೊಂದು ಹಾದುಹೋಗುತ್ತಿದ್ದವು. ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ನನ್ನ ಕೂಗು ಅವಕ್ಕೆ ಕೇಳಿಸುತ್ತಲೂ ಇತ್ತು. ಉತ್ತರವೂ ಬಂತು, ದುರುಗಮ್ಮನ ಫೋನಿನ ಮೇಲೆ ಕನ್ನಡದ ಅಚ್ಚುಕಟ್ಟಾದ ಅಕ್ಷರಗಳಲ್ಲಿ: ಈ ಜಾಗದಲ್ಲಿ ನಿಮಗೆ ಸೇವೆ ಇಲ್ಲ, ದಯವಿಟ್ಟು ನಿಮ್ಮ ಜಾಗಕ್ಕೆ ಹಿಂತಿರುಗಿ.

ನಿಮ್ಮ ಜಾಗಕ್ಕೆ ಹಿಂತಿರುಗಿ. ದುರುಗಮ್ಮ ಅದನ್ನು ಎರಡು ಸಲ ಓದಿದಳು. ಹೋಟೆಲಿನ ಬಾಗಿಲಲ್ಲಿ, ಗುಡಿಯ ಮೆಟ್ಟಿಲಲ್ಲಿ ಅವಳ ಹಿರಿಯರು ಕೇಳಿದ್ದ ಮಾತು ಅದು. ಈಗ ಆಕಾಶವೂ ಅದನ್ನು ಕಲಿತಿತ್ತು. ಎಷ್ಟು ಬೆಂಕಿ ಸುಟ್ಟು, ಎಷ್ಟು ಚಪ್ಪಾಳೆ ತಟ್ಟಿಸಿಕೊಂಡು ಮೇಲೆ ಹೋಗಿತ್ತಲ್ಲ ಆ ರಾಕೆಟ್ಟು! ಮೇಲೆ ಹೋಗಿ ಇದನ್ನು ಹೇಳಿತು.

"ಏನಂತೈತಿ?" ಅಮರಪ್ಪ ಹಲ್ಲು ಕಚ್ಚಿ ಕೇಳಿದ. ಅವನ ಕೈ ಮೊಣಕೈವರೆಗೆ ಊದಿತ್ತು.

"ಸಾಲಿಗೇ ಹೋಗಬೇಕಂತ."

"ಸಾಲಿ ಎಲ್ಲೈತಿ?"

ಕೆಳಗೆ ಬರೀ ನೀರು. ಶಾಲೆಯ ಮಾಳಿಗೆ ಅದರ ನಡುವೆ ಒಂದು ಗೆರೆಯ ಹಾಗೆ ಕಾಣುತ್ತಿತ್ತು.

ಮತ್ತೆ ಹೊತ್ತರು ನನ್ನನ್ನು. ಮುಖ್ಯ ಸೆಳವು ಗುಡ್ಡದ ಆಚೆಗಿತ್ತು, ಶಾಲೆಯ ಕಡೆ ನಿಂತ ನೀರು. ಹರಗೋಲಿಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಗುಡ್ಡದ ಮೇಲೆ ಹತ್ತು ಮಂದಿ ಹಿಡಿದುಕೊಂಡರು. ನಾನು, ಬ್ಯಾಟರಿ, ದುರುಗಮ್ಮ ಒಳಗೆ. ಹುಲಗಪ್ಪ ಇನ್ನಿಬ್ಬರ ಜೊತೆ ಈಜುತ್ತ ಹರಗೋಲು ತಳ್ಳಿದ. ಅಷ್ಟರಲ್ಲಿ ನೀರು ಇನ್ನೂ ಏರಿ ಮಾಳಿಗೆಯ ಮೇಲೆ ಮೊಣಕಾಲು ಮಟ್ಟ ನಿಂತಿತ್ತು. ನನ್ನನ್ನು ನೀರಿಗೆ ಇಡುವಂತಿರಲಿಲ್ಲ. ಹುಲಗಪ್ಪ, ಇನ್ನೊಬ್ಬ ಸೇರಿ ತಲೆಯ ಮೇಲೆ ಎತ್ತಿ ಹಿಡಿದು ನಿಂತರು. ಅವರ ತೋಳು ನಡುಗುವುದು ನನ್ನ ಮೈಗೆ ತಾಗುತ್ತಿತ್ತು.

ನನ್ನ ಜಾಗಕ್ಕೆ ಬಂದಿದ್ದೆ. ಕೂಡಲೇ ಮಾತು ಬಂತು. ದುರುಗಮ್ಮ ತಾಲ್ಲೂಕು ಕಚೇರಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ದೋಣಿಯೂ ಹೊರಟಿತು. ಆದರೆ ಗುಡ್ಡದಿಂದ ಇಲ್ಲಿಗೆ ಬರುವುದರೊಳಗೆ ಅರ್ಧ ಹಗಲು ಹೋಗಿತ್ತು.

ಅಮರಪ್ಪ ಉಳಿದ. ಅವನ ಬಲಗೈ ಉಳಿಯಲಿಲ್ಲ. ಕೊಳೆತದ್ದನ್ನು ಡಾಕ್ಟರು ಮಣಿಕಟ್ಟಿನ ಮೇಲೆ ಕತ್ತರಿಸಿದರು. ಬೇಗ ತಂದಿದ್ದರೆ ಕೈ ಉಳಿಯುತ್ತಿತ್ತು ಎಂದರಂತೆ. ಹುಟ್ಟು ಹಾಕುವ ಕೈ ಅದು.

ಹೊಳೆ ಇಳಿದ ಮೇಲೆ ಏರಿಯಾ ಮ್ಯಾನೇಜರು ಕ್ಯಾಮೆರಾದವರನ್ನು ಕರೆದುಕೊಂಡು ಬಂದರು. ಒಂದು ಜೀವ ಉಳಿಸಿದ ತಟ್ಟೆ ಎಂದು ನನ್ನ ಸಿನಿಮಾ ಮಾಡಬೇಕಂತೆ. ಅಮರಪ್ಪನನ್ನು ನನ್ನ ಪಕ್ಕ ನಿಲ್ಲಿಸಿದರು. ಮೊಂಡುಗೈ ಕಾಣದಂತೆ ಟವೆಲು ಹೊದಿಸಿದರು.

"ಸ್ವಲ್ಪ ನಗಿ ಅಮರಪ್ಪಾ," ಎಂದರು ಮ್ಯಾನೇಜರು.

ಅಮರಪ್ಪ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. "ಇದನ್ನೂ ತಗೀರಿ ಸಾಹೇಬ್ರ. ಇದ ನಗತೈತಿ."

ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ದುರುಗಮ್ಮ ಮುಂದೆ ಬಂದಳು.

"ಒಂದು ಮಾತು ಹೇಳ್ರಿ ಸಾಹೇಬ್ರ. ಗುಡ್ಡದ ಮ್ಯಾಲೆ ಇದ್ದಾಗ ಇದರ ಬಾಯಿ ಕಟ್ಟಿದವರು ಯಾರು?"

"ಅದು ಸಿಸ್ಟಮ್ಮಿನಲ್ಲಿ ಹಾಗೆ ಇರುತ್ತಮ್ಮಾ. ಅದನ್ನು ಯಾರೂ ಬದಲಾಯಿಸೋಕೆ ಆಗಲ್ಲ. ನನ್ನ ಕೈಯಲ್ಲೂ ಇಲ್ಲ."

"ಕೈ ಐತಲ್ರಿ ನಿಮಗ, ಎರಡೂ ಅದಾವ," ಎಂದಳು ದುರುಗಮ್ಮ.

ಯಾರಿಂದಲೂ ಬದಲಾಯಿಸಲು ಆಗುವುದಿಲ್ಲ ಎಂದಿದ್ದರಲ್ಲ, ಮುಂದಿನದು ಕೇಳಿ. ಮರುವರ್ಷದ ಬೇಸಿಗೆಯಲ್ಲಿ ಯೋಜನೆಯ ಅವಧಿ ಮುಗಿಯಿತೆಂದು ನನ್ನನ್ನು ಗಡ್ಡಿಯಿಂದ ಕಿತ್ತು ತಂದರು. ಕೀಳಲು ಬಂದವನು ಖಾಜಾನೇ. ದುರುಗಮ್ಮನ ಮುಖ ನೋಡದೆ ಕೆಲಸ ಮಾಡಿದ. ಮ್ಯಾನೇಜರ ಗೆಳೆಯರೊಬ್ಬರ ತೋಟದ ಮನೆ ಹೊಳೆಯ ಈಚೆ ದಡದಲ್ಲಿತ್ತು. ಅಂದು ಅಲ್ಲಿ ಔತಣ, ಹೊಸ ರಾಕೆಟ್ಟಿನ ಉಡಾವಣೆ ಪರದೆಯ ಮೇಲೆ ನೋಡಬೇಕು, ನೆಟ್ ಸಿಗುತ್ತಿಲ್ಲ. ನನ್ನನ್ನು ಅಲ್ಲಿಗೇ ಒಯ್ದು ಕೂರಿಸಿ, ಮ್ಯಾನೇಜರು ಒಂದು ಫೋನು ಮಾಡಿದರು. ಅವರ ಕೈಯ ಚಹಾ ಆರುವ ಮೊದಲೇ ನನ್ನ ಬೀಗ ಬಿಚ್ಚಿತು.

ಅಷ್ಟು ಸಲೀಸಾಗಿ ಬಿಚ್ಚುವ ಬೀಗ ಅದು. ನನ್ನ ಮೈ ಉರಿದುಹೋಯಿತು. ಮಾಳಿಗೆಯ ಮೇಲೆ ತಲೆಯ ಮೇಲೆ ಹೊತ್ತು ನಿಂತವರ ತೋಳುಗಳು ನೆನಪಾದವು. ಹುಲ್ಲುಹಾಸಿನ ಮೇಲೆ ಗ್ಲಾಸು ಹಿಡಿದವರು ಉಡಾವಣೆಗೆ ಚಪ್ಪಾಳೆ ತಟ್ಟಿದರು. ಈ ಸಲ ನನಗೆ ಮೈ ಜುಮ್ಮೆನ್ನಲಿಲ್ಲ. ಪರದೆ ಹೊತ್ತಿಸಿದವನು ನಾನೇ ಎಂದು ನಾಚಿಕೆಯಾಯಿತು.

ಹೊಸ ರಾಕೆಟ್ಟು ಹೊಸ ಉಪಗ್ರಹಗಳನ್ನು ತಂದಿತು, ಅವಕ್ಕೆ ಹೊಸ ತಟ್ಟೆಗಳು ಬಂದವು. ನಾನು ತೋಟದ ಮನೆಯ ಹಿಂದೆ ಒಡೆದ ಕುಂಡಗಳ ನಡುವೆ ಬಿದ್ದೆ. ಮಳೆ ಒಳಗೆ ಇಳಿಯಿತು. ಮೈ ತಣ್ಣಗಾಯಿತು.

ಆ ತೋಟಕ್ಕೆ ಕಳೆ ಕೀಳುವ ಕೂಲಿಗೆ ದುರುಗಮ್ಮ ಬಂದಳು. ಹರಗೋಲು ನಿಂತ ಮೇಲೆ ಗಂಡ ಹೆಂಡತಿ ದಡದ ಊರಿನಲ್ಲಿ ಗುಡಿಸಲು ಹಾಕಿದ್ದರು. ಕುಂಡಗಳ ನಡುವೆ ನನ್ನನ್ನು ಕಂಡು, ಅಂದಿನಂತೆಯೇ ಅಂಗೈ ಇಟ್ಟು ನೋಡಿದಳು. "ಸತ್ತೈತಿ," ಎಂದಳು. ಮೇಸ್ತ್ರಿಯನ್ನು ಕೇಳಿದಳು. ಕಸ ತಾನೇ, ಒಯ್ಯಿ ಎಂದ. ತಲೆಯ ಮೇಲೆ ಹೊತ್ತುಕೊಂಡು ಹೋದಳು.

ಹರಗೋಲಿನ ತಳಕ್ಕೆ ಬಳಿಯುವ ಡಾಂಬರು ಅಮರಪ್ಪನ ಬಳಿ ಇನ್ನೂ ಒಂದು ಡಬ್ಬಿ ಉಳಿದಿತ್ತು. ಅದನ್ನು ಬಿಸಿ ಮಾಡಿ, ಎಡಗೈಯಲ್ಲಿ ಕಡ್ಡಿ ಹಿಡಿದು ಕೂತ. ನನ್ನ ಬಿಳಿ ಮುಖದ ಮೇಲೆ ಒಂದೊಂದೇ ಅಕ್ಷರ ಮೂಡಿಸಿದ. ಡೊಂಕು ಡೊಂಕು, ಒಂದು ದೊಡ್ಡದು ಒಂದು ಸಣ್ಣದು.

"ತ ಅಕ್ಷರಕ್ಕ ಕಾಲು ಮುರದೈತಿ," ಎಂದ ನೋಡಲು ಬಂದಿದ್ದ ಹುಲಗಪ್ಪ.

"ಇರಲಿ ಬಿಡು, ಬರದವನ ಕೈನೂ ಮುರದೈತಿ," ಎಂದ ಅಮರಪ್ಪ. ನಕ್ಕರು ಇಬ್ಬರೂ.

ಆ ಅಕ್ಷರ ಹೊತ್ತು ನಾನು ತಾಲ್ಲೂಕು ಕಚೇರಿಗೆ ಹೋಗಿದ್ದೇನೆ, ಬಸ್ ಸ್ಟ್ಯಾಂಡಿಗೆ ಹೋಗಿದ್ದೇನೆ. ಮಂತ್ರಿಗಳು ಬಂದಾಗ ಹುಲಗಪ್ಪ ನನ್ನನ್ನು ಜನರ ತಲೆಗಿಂತ ಮೇಲೆ ಎತ್ತಿ ಹಿಡಿದ. ಪೊಲೀಸರು ಕಿತ್ತುಕೊಂಡು ಎಸೆದರು, ಒಂದು ಮೂಲೆ ಒಡೆಯಿತು. ಮತ್ತೆ ಎತ್ತಿಕೊಂಡು ಬಂದರು. ಸೇತುವೆ ಇನ್ನೂ ಬಂದಿಲ್ಲ.

ಈಗ ನಾನು ಹೊಳೆಯ ದಡದಲ್ಲಿದ್ದೇನೆ, ಸೇತುವೆ ಶುರುವಾಗಬೇಕಾದ ಜಾಗದಲ್ಲಿ, ಒಂದು ಜಾಲಿ ಮರಕ್ಕೆ ಒರಗಿ. ಸಂಜೆ ನಮ್ಮ ಉಪಗ್ರಹಗಳು ಚುಕ್ಕಿಗಳಂತೆ ಸಾಲಾಗಿ ಹೋಗುವುದು ಕಾಣುತ್ತದೆ. ನಾನು ಅವನ್ನು ಕರೆಯುವುದಿಲ್ಲ. ನನ್ನ ಮುಖ ಈಗ ರಸ್ತೆಯ ಕಡೆಗಿದೆ. ಎಲ್ಲಿ ಒಯ್ದು ನಿಲ್ಲಿಸಿದರೂ ನನಗೆ ಈಗ ಮಾತು ಬರುತ್ತದೆ, ಯಾರೂ ಬೀಗ ಬಿಚ್ಚಬೇಕಾಗಿಲ್ಲ. ಬರುವವರು ಹೋಗುವವರು ನಿಂತು ಓದುತ್ತಾರೆ:

ನಮ್ಮ ಜಾಗಕ್ಕೆ ಹೋಗತೀವಿ. ಸೇತುವೆ ಕೊಡ್ರಿ.